ಜಗಲಿಗೆ ಕಟ್ಟಳೆ ತಂದ ಹಾಲವ್ವ

ಎಲ್ಲಿ ಅಂತ ಕೇಳಬೇಡಿ, ಹೇಳಲಾರೆ. ಯಾವಾಗ ಅಂತ ಕೇಳಬೇಡಿ, ಗೊತ್ತಿಲ್ಲ. ಯಾರು ಹೇಳಿದರು ಅಂತ ಕೇಳಿದರೆ ಮಾತ್ರ ಉತ್ತರ ಉಂಟು: ನನಗೆ ಹೇಳಿದವರಿಗೂ ಯಾರೋ ಹೇಳಿದ್ದರು. ಒಂದು ನಾಡಿತ್ತು. ಆ ನಾಡಿನಲ್ಲಿ ಒಂದು ಊರು, ಆ ಊರಿನಲ್ಲಿ ಒಂದು ಓಣಿ, ಆ ಓಣಿಯಲ್ಲಿ ಎದುರುಬದುರಾಗಿ ಎರಡು ಮನೆ. ನಮ್ಮ ಕಥೆ ನಡೆಯುವುದು ಆ ಎರಡು ಮನೆಗಳ ನಡುವಿನ ಹತ್ತು ಹೆಜ್ಜೆಯಲ್ಲಿ. ಹತ್ತಿರ ಬನ್ನಿ, ಹಿಂದೆ ಕೂತವರಿಗೂ ಕೇಳಲಿ.

ಈ ಕಡೆಯ ಮನೆ ಹಾಲವ್ವನದು. ಆ ಕಡೆಯ ಮನೆ ಕೆಂಚವ್ವನದು. ಎರಡು ಮನೆಗೂ ಮುಂದೆ ಜಗಲಿ. ಜಗಲಿ ಅಂದರೆ ನಿಮಗೆ ಗೊತ್ತು. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆಯೆಲ್ಲ ಅದರ ಮೇಲೇ ಕೂತಿದೆ. ಬಾಗಿಲಿನ ಎರಡೂ ಬದಿಗೆ ಮೊಣಕಾಲೆತ್ತರದ ಕಟ್ಟೆ. ಅದು ಮನೆಯವರದೂ ಹೌದು, ಬೀದಿಯವರದೂ ಹೌದು. ಕೂರಲು ಯಾರೂ ಅಪ್ಪಣೆ ಕೇಳುವುದಿಲ್ಲ. ಕೂತವರನ್ನು ಯಾರೂ ಏಳಿ ಅನ್ನುವುದಿಲ್ಲ.

ಹಾಲವ್ವನ ಜಗಲಿ ನೋಡಬೇಕಿತ್ತು ನೀವು. ಎರಡು ದಿನಕ್ಕೊಮ್ಮೆ ಸೆಗಣಿ ಸಾರಿಸುವಳು, ಅಂಚಿಗೆ ಕೆಮ್ಮಣ್ಣು ಬಳಿಯುವಳು, ಅದರ ಮೇಲೆ ಸುಣ್ಣದ ಗೆರೆ ಎಳೆಯುವಳು. ಕನ್ನಡಿಯ ಹಾಗಿರುತ್ತಿತ್ತು. ಕೆಂಚವ್ವನ ಜಗಲಿಯೂ ನೋಡಬೇಕಿತ್ತು. ಒಂದು ಮೂಲೆ ಕುಸಿದಿತ್ತು, ಇನ್ನೊಂದು ಮೂಲೆಯಲ್ಲಿ ಮೇಕೆ ಮಲಗುತ್ತಿತ್ತು, ನಡುವೆ ಹುಣಸೆಬೀಜದ ಸಿಪ್ಪೆ.

ಈಗ ನೀವೇ ಹೇಳಿ, ಜನ ಎಲ್ಲಿ ಕೂರಬೇಕು?

ಕೂರುತ್ತಿದ್ದದ್ದು ಕೆಂಚವ್ವನ ಜಗಲಿಯಲ್ಲಿ. ಮಧ್ಯಾಹ್ನ ಪಾತ್ರೆ ತೊಳೆದದ್ದೇ ತಡ, ಸೆರಗಿಗೆ ಕೈ ಒರೆಸಿಕೊಂಡು ಒಬ್ಬೊಬ್ಬರೇ ಬರುವರು. ಅಕ್ಕಿ ಆರಿಸುವವರು ಮೊರ ಹಿಡಿದು ಬರುವರು, ಬತ್ತಿ ಹೊಸೆಯುವವರು ಹತ್ತಿ ಹಿಡಿದು ಬರುವರು, ಏನೂ ಕೆಲಸವಿಲ್ಲದವರು ಬರೀ ಬಾಯಿ ಹಿಡಿದು ಬರುವರು. ಕೆಂಚವ್ವ ಏನೋ ಹೇಳುವಳು, ಅವರು ಹೋ ಎಂದು ನಗುವರು. ಮೇಕೆಯೂ ಎದ್ದು ಕಿವಿ ಒದರುತ್ತಿತ್ತು.

ಆ ನಗು ಹತ್ತು ಹೆಜ್ಜೆ ದಾಟಿ ಹಾಲವ್ವನ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಹಾಲವ್ವ ಬಾಗಿಲ ಸಂದಿಯಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ನಿನ್ನೆ ಒಂಬತ್ತು. ಇವತ್ತು ಹನ್ನೊಂದು. ತನ್ನ ಜಗಲಿಯ ಮೇಲೆ ಒಂದೇ ಒಂದು ಗುಬ್ಬಚ್ಚಿ, ಅದೂ ಹಾರಿಹೋಗುವ ಅವಸರದಲ್ಲಿ. ಅವಳ ಹೊಟ್ಟೆಯಲ್ಲಿ ಏನೋ ಹೊಗೆಯಾಡುತ್ತಿತ್ತು. ಎಣ್ಣೆ ಕಾದು ಹೊಗೆ ಬರುತ್ತದಲ್ಲ, ಉರಿ ಹತ್ತುವುದಕ್ಕೆ ಮುಂಚೆ, ಹಾಗೆ.

ಅವಳ ಜಗಲಿಗೆ ಯಾರೂ ಬರುತ್ತಿರಲಿಲ್ಲ ಯಾಕೆ? ಕೇಳಿ. ಬಂದವರು ಕೂರುವ ಮೊದಲೇ ಅವಳು, "ಕಾಲು ಒರೆಸಿಕೊಂಡಿರಾ?" ಅನ್ನುತ್ತಿದ್ದಳು. ಕೂತ ಮೇಲೆ, "ಸುಣ್ಣದ ಗೆರೆ ತುಳಿಯಬೇಡಿ" ಅನ್ನುತ್ತಿದ್ದಳು. ಎದ್ದ ಮೇಲೆ ಅವರ ಕಣ್ಣೆದುರಿಗೇ ನೀರು ಹಾಕಿ ಒರೆಸುತ್ತಿದ್ದಳು. ಮೂರು ಸಲ ಹೀಗಾದರೆ ನಾಲ್ಕನೆಯ ಸಲ ಯಾರು ಬಂದಾರು? ಇದು ಅವಳಿಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆದದ್ದು ಬೇರೆ: ಕೆಂಚವ್ವ ಜನಕ್ಕೆ ಏನೋ ಮಾಡಿದ್ದಾಳೆ.

"ಆ ಹೆಂಗಸು ಊರನ್ನೇ ಕೆಡಿಸುತ್ತಿದ್ದಾಳೆ," ಎಂದಳು ಗಂಡನಿಗೆ.

ಗಂಡನ ಹೆಸರು ಕೊಟ್ರಪ್ಪ. ಹಗ್ಗ ಹೊಸೆಯುವ ಕೆಲಸ. ಅವನ ಬಾಯಿಯಿಂದ ಮಾತು ಬರುವುದು ಅಪರೂಪ. ಅವತ್ತು ಮಾತ್ರ ಅಂದ: "ಊರು ಕೆಡುತ್ತಿರುವುದು ಅವರ ಜಗಲಿಯಲ್ಲಿ. ನಿನಗೆ ಅದು ನಿನ್ನ ಜಗಲಿಯಲ್ಲಿ ಕೆಡಬೇಕು. ಅಷ್ಟೇ ತಾನೆ?"

ಹಾಲವ್ವ ಅವನಿಗೆ ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ.

ಈಗ ಆ ನಾಡಿನ ಒಂದು ಪದ್ಧತಿ ಹೇಳಬೇಕು. ಹೇಳದಿದ್ದರೆ ಮುಂದೆ ತಿಳಿಯುವುದಿಲ್ಲ. ಅಲ್ಲಿ ಕಾನೂನು ಮಾಡಲು ಐದು ಜನ ಹಿರಿಯರಿದ್ದರು. ಕಾನೂನಿಗೆ ಅಲ್ಲಿ ಕಟ್ಟಳೆ ಅನ್ನುತ್ತಿದ್ದರು. ಆದ್ದರಿಂದ ಅವರು ಕಟ್ಟಳೆಯವರು, ಅವರು ಕೂರುವ ಚಾವಡಿ ಕಟ್ಟಳೆಮನೆ. ಯಾರಿಗೆ ಬೇಕಾದರೂ ಹೊಸ ಕಟ್ಟಳೆ ಕೇಳುವ ಹಕ್ಕಿತ್ತು, ಗಂಡಿರಲಿ ಹೆಣ್ಣಿರಲಿ. ಆದರೆ ಬಾಯಲ್ಲಿ ಕೇಳಿದರೆ ಆಗದು. ಓದುಬರಹ ಬಲ್ಲವರು ಕಡಿಮೆ, ಹಾಗಾಗಿ ಕಾಗದವೂ ಆಗದು. ಬೇಕಾದದ್ದು ಅಹವಾಲಿನ ಹಗ್ಗ. ಕೇಳುವವರು ಮನೆಮನೆಗೆ ಹೋಗಬೇಕು. ಒಪ್ಪಿದ ಮನೆಯವರು ತಮ್ಮ ಹಳೇ ಸೀರೆಯದೋ ಪಂಚೆಯದೋ ಒಂದು ಪಟ್ಟಿ ಹರಿದು, ಹಿಂದಿನ ಮನೆಯ ಪಟ್ಟಿಗೆ ತಮ್ಮ ಕೈಯಾರೆ ಗಂಟು ಹಾಕಬೇಕು. ನೂರು ಮನೆಯ ಪಟ್ಟಿ ಸೇರಿದರೆ ಕಟ್ಟಳೆಯವರು ಕೇಳಲೇಬೇಕು.

ಹೀಗೆ ಒಳ್ಳೆಯ ಕಟ್ಟಳೆಗಳು ಎಷ್ಟೋ ಬಂದಿದ್ದವು. ಹಾಲುಹಲ್ಲು ಬೀಳದ ಹೆಣ್ಣುಮಗುವಿಗೆ ತಾಳಿ ಕಟ್ಟಬಾರದು ಅಂತ ಒಬ್ಬಳು ಸೂಲಗಿತ್ತಿ ತಂದಿದ್ದಳು. ಕುಡಿದು ಬಂದವನಿಗೆ ಮನೆಯವರು ಬಾಗಿಲು ತೆರೆಯದಿದ್ದರೆ ತಪ್ಪಲ್ಲ ಅಂತ ಒಬ್ಬಳು ನೇಕಾರಗಿತ್ತಿ ತಂದಿದ್ದಳು. ಅವರು ಬೀದಿಯಲ್ಲಿ ಬಂದರೆ ಜನ ದಾರಿ ಬಿಡುತ್ತಿದ್ದರು. ಹಾಲವ್ವ ಅದನ್ನೂ ನೋಡಿದ್ದಳು. ನೋಡಿ, ಅದಕ್ಕೂ ಸ್ವಲ್ಪ ಹೊಟ್ಟೆ ಉರಿಸಿಕೊಂಡಿದ್ದಳು.

ಒಂದು ಬೆಳಿಗ್ಗೆ ಅವಳು ತನ್ನ ಧಾರೆಸೀರೆಯ ಅಂಚನ್ನೇ ಚರ್ರನೆ ಹರಿದಳು. ಅದು ಮೊದಲ ಪಟ್ಟಿ. ಅವಳು ಕೇಳಲು ಹೊರಟ ಕಟ್ಟಳೆ ಇದು: ಒಬ್ಬರ ಜಗಲಿಯ ಮೇಲೆ ಇನ್ನೊಬ್ಬರು ಕೂರಬಾರದು. ಯಾಕೆ? ಅವಳು ಮೂರು ಕಾರಣ ಕಟ್ಟಿಕೊಂಡಿದ್ದಳು. ಹರಟೆಯಿಂದ ಒಲೆಯ ಮೇಲಿನ ಅನ್ನ ಸೀಯುತ್ತದೆ. ಹರಟೆಯಿಂದ ಕಟ್ಟದೆ ಬಿಟ್ಟ ಕರು ಹಾಲೆಲ್ಲ ಕುಡಿಯುತ್ತದೆ. ಹರಟೆಯಿಂದ ಮನೆಯ ಗುಟ್ಟು ಬೀದಿಗೆ ಬರುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಕೆಂಚವ್ವನ ಹೆಸರು ಎಲ್ಲಿಯೂ ಇಲ್ಲ.

ಹೊರಟಳು. ಮೊದಲನೆಯ ಮನೆಗೆ ಹೋದಳು, ಜಗಲಿಯಲ್ಲಿ ಕೂತಳು, ಮಾತಾಡಿದಳು. ಎರಡನೆಯ ಮನೆಗೆ ಹೋದಳು, ಜಗಲಿಯಲ್ಲಿ ಕೂತಳು, ಮಾತಾಡಿದಳು. ಮೂರನೆಯ ಮನೆಗೆ ಹೋದಳು, ಜಗಲಿಯಲ್ಲಿ ಕೂತಳು, ಮಾತಾಡಿದಳು. ಜಗಲಿಯಲ್ಲಿ ಕೂರಬಾರದು ಅಂತ ಹೇಳುವುದಕ್ಕೆ ಜಗಲಿ ಜಗಲಿ ಹತ್ತಬೇಕಾಯಿತು. ನಗಬೇಡಿ. ಅವಳಿಗಿನ್ನೂ ಗೊತ್ತಾಗಿರಲಿಲ್ಲ.

ಜನ ಪಟ್ಟಿ ಕೊಟ್ಟರೇ? ಕೊಟ್ಟರು. ಒಬ್ಬಳು ಅತ್ತೆ, ಸೊಸೆ ಕೂರುವ ಜಗಲಿಯನ್ನು ನೆನೆದು ಪಟ್ಟಿ ಹರಿದಳು. ಆ ಸೊಸೆ, ಅತ್ತೆ ಕೂರುವ ಜಗಲಿಯನ್ನು ನೆನೆದು ಅದಕ್ಕೆ ಗಂಟು ಹಾಕಿದಳು. ಗಾಣದ ಸಾವಂತ್ರವ್ವ ಗಂಡ ಕೂರುವ ಜಗಲಿಯನ್ನು ನೆನೆದು ಎರಡು ಗಂಟು ಹಾಕಿದಳು. ತಾನು ಕೂರುವ ಜಗಲಿಯನ್ನು ಒಬ್ಬರೂ ನೆನೆಯಲಿಲ್ಲ.

ಮೂವತ್ತು ಪಟ್ಟಿ ಆಗುವ ಹೊತ್ತಿಗೆ ಸುದ್ದಿ ಹಬ್ಬಿತು. ಆಮೇಲೆ ಹಾಲವ್ವ ಹೋಗಬೇಕಾಗಲಿಲ್ಲ, ಜನರೇ ಬಂದರು. ಪಟ್ಟಿ ಕಟ್ಟಲು ಬಂದರು, ಯಾರು ಯಾರು ಕಟ್ಟಿದ್ದಾರೆ ನೋಡಲು ಬಂದರು, ಇದು ನಮ್ಮತ್ತೆಯ ಸೀರೆ ಅಲ್ಲವೇ ಎಂದು ಕೇಳಲು ಬಂದರು. ಎಲ್ಲಿ ಕೂತರು? ಕನ್ನಡಿಯಂಥ ಆ ಜಗಲಿಯ ಮೇಲೇ. ಕೆಲಸದ ಗಡಿಬಿಡಿಯಲ್ಲಿ ಹಾಲವ್ವ ಕಾಲು ಒರೆಸಿ ಅನ್ನುವುದನ್ನು ಮರೆತಳು. ಸುಣ್ಣದ ಗೆರೆ ಅಳಿಸಿಹೋಯಿತು, ಎಳೆಯಲು ಪುರುಸೊತ್ತಿಲ್ಲ. ಒಂದು ದಿನ ಯಾರೋ ಏನೋ ಅಂದರು, ಹಾಲವ್ವ ಅದಕ್ಕೆ ಇನ್ನೇನೋ ಅಂದಳು, ಎಲ್ಲರೂ ಹೋ ಎಂದು ನಕ್ಕರು.

ಹಾಲವ್ವ ಬೆಚ್ಚಿದಳು. ಆ ನಗು ತನ್ನ ಜಗಲಿಯಲ್ಲಿ ಎದ್ದದ್ದು. ಎದುರಿಗೆ ನೋಡಿದಳು. ಕೆಂಚವ್ವ ಒಬ್ಬಳೇ ಕೂತು ಮೇಕೆಯ ಬೆನ್ನು ಕೆರೆಯುತ್ತಿದ್ದಳು. ಅವತ್ತು ಕೊಟ್ರಪ್ಪನ ಸಾರಿಗೆ ತುಪ್ಪವೂ ಬಿತ್ತು.

ತೊಂಬತ್ತೊಂಬತ್ತು ಪಟ್ಟಿ ಆಯಿತು. ಒಂದು ಬಾಕಿ, ಊರಿನಲ್ಲಿ ಉಳಿದದ್ದೂ ಒಂದೇ ಮನೆ. ಯಾರ ಮನೆ? ನೀವು ಊಹಿಸಿರಬಹುದು. ಅವಳು ಕೇಳಲು ಹೋಗಲೇ ಇಲ್ಲ. ಹೋಗುವುದಾದರೂ ಹೇಗೆ? ಆದರೆ ಕೆಂಚವ್ವ ತಾನಾಗಿಯೇ ಎದ್ದು ಹತ್ತು ಹೆಜ್ಜೆ ದಾಟಿ ಬಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಹಸಿರು ಪಟ್ಟಿ ತೆಗೆದು ಗಂಟು ಹಾಕಿದಳು.

ಹಾಲವ್ವ ಹುಬ್ಬು ಗಂಟಿಕ್ಕಿ, "ನೀನ್ಯಾಕೆ ಕಟ್ಟುತ್ತೀ?" ಎಂದು ಕೇಳಿದಳು.

"ಎಲ್ಲರೂ ಇಲ್ಲೇ ಇದ್ದಾರಲ್ಲಕ್ಕ. ಅಲ್ಲಿ ಮೇಕೆಯ ಹತ್ತಿರ ಎಷ್ಟು ಅಂತ ಮಾತಾಡಲಿ? ಅದು ಒಂದಕ್ಕೂ ಹೂಂ ಅನ್ನುವುದಿಲ್ಲ."

ಜಗಲಿ ಇಡೀ ನಕ್ಕಿತು. ಸಾವಂತ್ರವ್ವ ಸರಿದು ಜಾಗ ಮಾಡಿದಳು. ಕೆಂಚವ್ವ ಕೂತಳು. ಕೂತಳೋ ಇಲ್ಲವೋ, ಎಲ್ಲರ ಮುಖ ಅವಳ ಕಡೆಗೆ ತಿರುಗಿತು. ಹಾಲವ್ವ ಶುರು ಮಾಡಿದ್ದ ಮಾತು ಅರ್ಧಕ್ಕೇ ನಿಂತಿತು. ನಿಂತದ್ದನ್ನು ಒಬ್ಬರೂ ಗಮನಿಸಲಿಲ್ಲ. ತನ್ನ ಜಗಲಿ, ತಾನು ಸಾರಿಸಿದ ಸೆಗಣಿ, ತಾನು ಕರೆತಂದ ಜನ. ಕೇಳುತ್ತಿರುವುದು ಮಾತ್ರ ಅವಳ ಮಾತು. ಹೊಗೆಯಾಡುತ್ತಿದ್ದ ಎಣ್ಣೆಗೆ ಈಗ ಭಗ್ಗನೆ ಉರಿ ಹತ್ತಿತು.

ಅಹವಾಲಿನ ದಿನ ಬಂತು. ಕಟ್ಟಳೆಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಐವರಲ್ಲಿ ಹಿರಿಯರು ಸೋಮಣ್ಣಜ್ಜ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಅವರು ಹಗ್ಗವನ್ನು ಕೈಯಲ್ಲಿ ಜಾರಿಸುತ್ತ ನೂರು ಗಂಟನ್ನೂ ಮುಟ್ಟಿ ನೋಡಿದರು. ಕಾರಣ ಕೇಳಿದರು. ಹಾಲವ್ವ ಮೂರೂ ಕಾರಣ ಒಪ್ಪಿಸಿದಳು: ಅನ್ನ, ಕರು, ಗುಟ್ಟು. ಅಜ್ಜ ತಲೆಯಾಡಿಸಿದರು. ಆಮೇಲೆ ಪದ್ಧತಿಯಂತೆ ಮೂರು ಸಲ ಕೇಳಿದರು. ಮೂರು ಸಲ ಯಾಕೆಂದರೆ, ಮನಸ್ಸು ಬದಲಾಯಿಸುವವರಿಗೆ ಎರಡು ಅವಕಾಶ ಇರಲಿ ಅಂತ.

"ಬೇಕೇನಮ್ಮ ಈ ಕಟ್ಟಳೆ?"

"ಬೇಕು," ಎಂದಳು. ದನಿ ಗಟ್ಟಿಯಾಗಿತ್ತು.

"ಬೇಕೇನಮ್ಮ?"

ಈ ಸಲ ಅವಳಿಗೆ ತನ್ನ ಜಗಲಿ ಕಣ್ಣ ಮುಂದೆ ಬಂತು. ಅಳಿಸಿದ ಗೆರೆ, ಚೆಲ್ಲಿದ ಸಿಪ್ಪೆ, ಇಪ್ಪತ್ತು ಜನ. ಈ ಕಟ್ಟಳೆ ಬಂದರೆ ಅವರೂ ಬರುವಂತಿಲ್ಲ. ಅಯ್ಯೋ ಅನ್ನಿಸಿತು. ನಾಲಿಗೆಯ ಮೇಲೆ ಬೇಡ ಅನ್ನುವ ಮಾತು ಬಂದು ಕೂತಿತ್ತು. ಆದರೂ ಹಿಂದೆ ಸರಿದರೆ ಜನ ಏನಂದಾರು ಎಂದು, "ಬೇಕು" ಅಂದಳು. ಈ ಸಲ ದನಿ ಮೆತ್ತಗಿತ್ತು.

"ಕೊನೆಯ ಸಲ ಕೇಳುತ್ತೇನೆ. ಬೇಕೇನಮ್ಮ?"

ಬೇಡ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದ ಹಿಂದುಗಡೆ ನಗು ಎದ್ದಿತು. ತಿರುಗಿ ನೋಡಿದರೆ, ಬೇವಿನ ಮರದ ಕೆಳಗೆ ಕೆಂಚವ್ವ, ಅವಳ ಸುತ್ತ ಜನ. ಇಲ್ಲಿ ಹಾಲವ್ವ ಕಟ್ಟಳೆಯವರ ಮುಂದೆ ನಿಂತಿದ್ದಾಳೆ, ಅಲ್ಲಿ ಅವರಿಗೆ ಕೆಂಚವ್ವನೇ ಬೇಕು.

"ಬೇಕು," ಎಂದಳು ಹಾಲವ್ವ. ಹಲ್ಲು ಕಚ್ಚಿಕೊಂಡೇ ಅಂದಳು.

ಸೋಮಣ್ಣಜ್ಜ ಹಗ್ಗವನ್ನು ಕಂಬಕ್ಕೆ ಸುತ್ತಿದರು. ಕಟ್ಟಳೆ ಆಯಿತು.

ಮೊದಲನೆಯ ದಿನ ಹಾಲವ್ವ ಬಾಗಿಲಲ್ಲಿ ನಿಂತು ಎದುರಿನ ಜಗಲಿ ನೋಡಿದಳು. ಖಾಲಿ. ಹೊಟ್ಟೆ ತಣ್ಣಗಾಯಿತು. ಎರಡನೆಯ ದಿನ ಎದುರಿನ ಜಗಲಿ ನೋಡಿದಳು, ಆಮೇಲೆ ತನ್ನ ಜಗಲಿ ನೋಡಿದಳು. ಅದೂ ಖಾಲಿ. ಮೂರನೆಯ ದಿನ ಎದುರು ನೋಡಲಿಲ್ಲ. ತನ್ನ ಜಗಲಿಯ ಮೇಲೆ ತಾನೇ ಕೂತಳು. ಹೇಳಲು ಒಂದು ಮಾತಿತ್ತು, ಸಣ್ಣದು: ಬೆಕ್ಕು ಮೂರು ಮರಿ ಹಾಕಿತ್ತು. ಯಾರಿಗೆ ಹೇಳುವುದು? ಕೊಟ್ರಪ್ಪನಿಗೆ ಹೇಳಿದಳು. ಅವನು ಹೂಂ ಅಂದ.

ಇಡೀ ಊರು ಹಾಗಾಯಿತು. ಅನ್ನ ಸೀಯುವುದು ನಿಂತಿತೇ? ಇಲ್ಲ, ಅನ್ನ ಒಬ್ಬೊಬ್ಬರೇ ಕೂತು ಏನೋ ಯೋಚಿಸುವಾಗಲೂ ಸೀಯುತ್ತದೆ. ಕರು ಹಾಲು ಕುಡಿಯುವುದು ನಿಂತಿತೇ? ಕರುವಿಗೆ ಕಟ್ಟಳೆ ಯಾರು ಹೇಳಬೇಕು? ಗುಟ್ಟು ಮಾತ್ರ ಬೀದಿಗೆ ಬರುವುದು ನಿಂತಿತು. ಅದು ಮನೆಯೊಳಗೇ ಕೂತು ಕೊಳೆಯತೊಡಗಿತು. ಗಾಣದ ಸಾವಂತ್ರವ್ವ ಆರು ದಿನ ಜ್ವರದಲ್ಲಿ ಮಲಗಿದ್ದಳು, ಯಾರಿಗೂ ತಿಳಿಯಲಿಲ್ಲ. ತಿಳಿದ ದಿನ ಹಾಲವ್ವ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದಳು.

ಜನಕ್ಕೆ ಈ ಕಟ್ಟಳೆ ಬೇಡವಾಗಿತ್ತು. ಆದರೆ ಬೇಡ ಅನ್ನುವವರು ಯಾರು? ಎಲ್ಲರೂ ತಮ್ಮ ಕೈಯಾರೆ ಗಂಟು ಹಾಕಿದವರೇ.

ಹಾಲವ್ವ ಕಟ್ಟಳೆಮನೆಗೆ ಹೋದಳು. ಅವತ್ತೂ ಅಹವಾಲಿನ ದಿನ, ಅವತ್ತೂ ಅಂಗಳ ತುಂಬಿತ್ತು. ಕೂರುವಂತಿಲ್ಲದ ಜನಕ್ಕೆ ನಿಲ್ಲಲು ಉಳಿದದ್ದು ಅದೊಂದೇ ಜಾಗ. ಕಟ್ಟಳೆ ಬಿಚ್ಚಿಬಿಡಿ ಎಂದು ಕೇಳಿಕೊಂಡಳು.

ಸೋಮಣ್ಣಜ್ಜ ಕೈ ಕಿವಿಗಿಟ್ಟು ಕೇಳಿಸಿಕೊಂಡರು. ಬಿಚ್ಚಬಹುದು, ಅದಕ್ಕೂ ಪದ್ಧತಿ ಇದೆ ಎಂದರು. ಯಾವ ಕಾರಣಕ್ಕೆ ಕಟ್ಟಿದರೋ ಆ ಕಾರಣ ಸುಳ್ಳು ಅಂತ ಕಟ್ಟಳೆ ಕೇಳಿದವರೇ ಒಪ್ಪಿಕೊಂಡು, ನಿಜವಾದ ಕಾರಣ ಏನಿತ್ತು ಅಂತ ಅಷ್ಟೇ ಜನರ ಮುಂದೆ ಹೇಳಬೇಕು. ಹೇಳದಿದ್ದರೆ ಹಗ್ಗ ಕಂಬದಲ್ಲೇ ಇರುತ್ತದೆ.

ನೀವೇ ಆ ಜಾಗದಲ್ಲಿ ನಿಂತು ನೋಡಿ. ಅನ್ನ ಸೀಯುತ್ತದೆ ಅನ್ನುವುದು ಸುಲಭ. ನನ್ನ ಹೊಟ್ಟೆ ಉರಿಯುತ್ತದೆ ಅನ್ನುವುದು ಸುಲಭವೇ? ಅದೂ ಯಾರ ಮೇಲೆ ಉರಿಯಿತೋ ಅವಳೇ ಬೇವಿನ ಮರದ ಕೆಳಗೆ ನಿಂತು ನೋಡುತ್ತಿರುವಾಗ? ಹಾಲವ್ವನ ಕಾಲು ಬಾಗಿಲ ಕಡೆ ತಿರುಗಿತು. ತಿರುಗಿದ ಕಣ್ಣಿಗೆ ಸಾವಂತ್ರವ್ವ ಕಂಡಳು. ಜ್ವರ ಬಿಟ್ಟ ಮುಖ, ಕಂಬಳಿ ಹೊದ್ದು ಗೋಡೆಗೆ ಆತು ನಿಂತಿದ್ದಳು. ಕಾಲು ನಿಂತಿತು.

"ಅನ್ನದ ಮಾತು ಸುಳ್ಳು," ಎಂದಳು ಹಾಲವ್ವ. "ಕರುವಿನ ಮಾತು ಸುಳ್ಳು. ಗುಟ್ಟಿನ ಮಾತೂ ಸುಳ್ಳು. ಕೆಂಚವ್ವನ ಜಗಲಿ ತುಂಬುತ್ತಿತ್ತು, ನನ್ನದು ತುಂಬುತ್ತಿರಲಿಲ್ಲ. ದಿನಾ ಬಾಗಿಲ ಸಂದಿಯಲ್ಲಿ ನಿಂತು ತಲೆ ಎಣಿಸುತ್ತಿದ್ದೆ. ನನಗೆ ಹೊಟ್ಟೆಕಿಚ್ಚು. ಅವಳ ನಗು ನಿಲ್ಲಲಿ ಅಂತ ಊರಿನ ಬಾಯಿ ಕಟ್ಟಿಸಿದೆ."

ಯಾರೂ ನಗಲಿಲ್ಲ. ಕೆಂಚವ್ವನೂ ನಗಲಿಲ್ಲ. ಸೋಮಣ್ಣಜ್ಜ ಮಾತ್ರ, ಕೇಳಿಸಿತು ಎಂದು ಹೇಳಿ, ಎದ್ದು ಕಂಬದಿಂದ ಹಗ್ಗ ಬಿಚ್ಚಿದರು. ನೂರು ಗಂಟಿನ ಹಗ್ಗ ಅವರ ಕಾಲಬುಡದಲ್ಲಿ ಸುರುಳಿಯಾಗಿ ಬಿತ್ತು.

ಹಾಲವ್ವ ಮುಖ ಮುಚ್ಚಿಕೊಂಡು ಮನೆಗೆ ಬಂದಳು, ಅಗುಳಿ ಹಾಕಿದಳು. ಜಗಲಿಗಳೆಲ್ಲ ತುಂಬುತ್ತವೆ, ನನ್ನದು ಬಿಟ್ಟು ಅಂದುಕೊಂಡಳು. ಇಷ್ಟು ದಿನ ಕಾಲು ಒರೆಸಿಕೊಳ್ಳಬೇಕು ಅಂತ ಬರುತ್ತಿರಲಿಲ್ಲ. ಇನ್ನು ಹೊಟ್ಟೆಕಿಚ್ಚಿನವಳು ಅಂತ ಬರುವುದಿಲ್ಲ. ಒಂದು ದಿನ ಬಾಗಿಲು ತೆರೆಯಲಿಲ್ಲ. ಎರಡು ದಿನ ತೆರೆಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೊರಗೆ ಯಾರೋ ಕೆಮ್ಮಿದರು.

ತೆರೆದು ನೋಡಿದರೆ ಸಾವಂತ್ರವ್ವ, ಜಗಲಿಯ ತುದಿಯಲ್ಲಿ ಕೂತಿದ್ದಾಳೆ. ಅತ್ತ ನೋಡಿದಳು, ಇತ್ತ ನೋಡಿದಳು, ದನಿ ತಗ್ಗಿಸಿದಳು.

"ಹಾಲವ್ವಕ್ಕ, ಒಂದು ಮಾತು. ಬೇರೆ ಯಾರಿಗೂ ಹೇಳಲಾಗದ್ದು. ನೀನು ಅಷ್ಟು ಜನರ ಮುಂದೆ ಹೇಳಿದವಳು, ನಿನಗೆ ಅರ್ಥವಾದೀತು. ನನ್ನ ತಂಗಿಯನ್ನು ಅವಳ ಗಂಡ ಹೆಸರು ಹಿಡಿದು ಕರೆಯುತ್ತಾನೆ. ನನ್ನವನು ಇಷ್ಟು ವರ್ಷದಲ್ಲಿ 'ಏ' ಬಿಟ್ಟು ಬೇರೆ ಕರೆದಿಲ್ಲ. ಅವಳು ಮನೆಗೆ ಬಂದರೆ ನನಗೆ ಮೈಯೆಲ್ಲ ಉರಿ ಬರುತ್ತದಕ್ಕ. ಆರು ದಿನ ಮಲಗಿದ್ದೆನಲ್ಲ, ಅವಳು ಬಂದುಹೋದ ಮರುದಿನವೇ ಮಲಗಿದ್ದು."

ಹಾಲವ್ವ ಒಳಗೆ ಹೋಗಿ ನೀರು ಬೆಲ್ಲ ತಂದಿಟ್ಟು ಪಕ್ಕದಲ್ಲಿ ಕೂತಳು. ಬುದ್ಧಿ ಹೇಳಲಿಲ್ಲ. ಎಲ್ಲಿ ಉರಿಯುತ್ತದೆ, ಎದೆಯಲ್ಲೋ ಹೊಟ್ಟೆಯಲ್ಲೋ ಎಂದಷ್ಟೇ ಕೇಳಿದಳು. ತನಗೆ ಹೊಟ್ಟೆಯಲ್ಲಿ ಎಂದಳು. ಸಾವಂತ್ರವ್ವನ ಮುಖ ಅರಳಿತು.

ಮರುದಿನ ಒಬ್ಬಳು ಬಂದಳು, ಓರಗಿತ್ತಿಯ ಉದ್ದ ಜಡೆಯ ಸಂಕಟ ಹೇಳಿಕೊಂಡಳು. ಅದರ ಮರುದಿನ ಇಬ್ಬರು ಬಂದರು. ಒಬ್ಬರ ಮೇಲೊಬ್ಬರು ಹೊಟ್ಟೆಕಿಚ್ಚುಪಡುತ್ತಿದ್ದವರೇ. ಒಬ್ಬಳು ಹೇಳಿ ಎದ್ದುಹೋಗುವವರೆಗೆ ಇನ್ನೊಬ್ಬಳು ಓಣಿಯ ತಿರುವಿನಲ್ಲಿ ಮರೆಯಾಗಿ ಕಾದಳು. ಎಂಟು ದಿನದಲ್ಲಿ ಗಂಡಸರೂ ಬಂದರು. ಅವರಿಗೆ ಇನ್ನೂ ಜಾಸ್ತಿ ಇತ್ತು. ಬರಬರುತ್ತ ಮರೆಯಲ್ಲಿ ಕಾಯುವುದು ಹೋಗಿ, ಎಲ್ಲರೂ ಒಟ್ಟಿಗೇ ಕೂತು ಹೇಳಿಕೊಳ್ಳತೊಡಗಿದರು. ನಗುವವರು ಕೆಂಚವ್ವನ ಜಗಲಿಗೆ ಹೋದರು, ಉರಿಯುವವರು ಹಾಲವ್ವನ ಜಗಲಿಗೆ ಬಂದರು. ನಗುವವರಿಗಿಂತ ಉರಿಯುವವರೇ ಹೆಚ್ಚು ಅಂತ ಆ ಊರಿಗೆ ಗೊತ್ತಾದದ್ದು ಆಗಲೇ.

ಒಂದು ಮಧ್ಯಾಹ್ನ ಜಗಲಿ ತುಂಬಿತ್ತು. ಆಗ ಕೆಂಚವ್ವ ಹತ್ತು ಹೆಜ್ಜೆ ದಾಟಿ ಬಂದು ನಿಂತಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಕ್ಕ," ಎಂದಳು, "ನನಗೂ ಒಂದು ಇದೆ. ಹೇಳಬಹುದೇ?"

"ಹೇಳವ್ವ. ಯಾರ ಮೇಲೆ?"

"ನಾಲ್ಕು ದಿನದಿಂದ ಬಾಗಿಲ ಸಂದಿಯಲ್ಲಿ ನಿಂತು ಎಣಿಸುತ್ತಿದ್ದೇನೆ. ನನ್ನ ಜಗಲಿಯಲ್ಲಿ ಹನ್ನೆರಡು. ಇಲ್ಲಿ ಹದಿನಾರು."

ಹಾಲವ್ವ ಅವಳ ಮುಖವನ್ನೇ ನೋಡಿದಳು. ಹೊಟ್ಟೆಯೊಳಗೆ ಏನೋ ಸಿಹಿಯಾಗಿ ಇಳಿಯಿತು. ಇಳಿದದ್ದಕ್ಕೆ ನಾಚಿಕೆಯೂ ಆಯಿತು. ಅವಳು ಸಾವಂತ್ರವ್ವನನ್ನು ಮೊಣಕೈಯಿಂದ ಆಚೆಗೆ ತಳ್ಳಿದಳು, ತಾನು ಈಚೆಗೆ ಸರಿದಳು, ನಡುವೆ ಅಂಗೈಯಗಲ ಜಾಗವಾಯಿತು.

"ಬಾ, ಕೂತುಕೋ," ಎಂದಳು. "ನೀನು ಕೂತರೆ ಹದಿನೇಳು."

ಅವಳು ಕೂತಳು, ಅವರು ಮಾತಾಡಿದರು, ನಾನು ಎದ್ದು ಬಂದೆ. ಆ ಊರಿನ ಮಾತು ಆ ಊರಿಗೇ ಇರಲಿ, ಕೇಳಿದ ಕಿವಿ ತಣ್ಣಗಿರಲಿ, ಹೇಳಿದ ಬಾಯಿಗೆ ಒಂದು ಲೋಟ ನೀರು ಬರಲಿ.